ನನ್ನ ಹಿತ್ತಲಿಗೆ ಬ್ಲೀಚಿಂಗ್ ಪೌಡರ್ ಕಳಿಸಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಕಳೆದ ಸೋಮವಾರ ತಮ್ಮ ಸಿಬ್ಬಂದಿ ನನ್ನ ಮುಚ್ಚಿದ ಗ್ಯಾರೇಜಿನ ಹಿತ್ತಲಿಗೆ ಬಂದು, ಬ್ಲೀಚಿಂಗ್ ಪೌಡರ್ ಕಲಸಿದ ಒಂದು ಟ್ಯಾಂಕರ್ ನೀರು ಸುರಿದು, ಐದು ತಿಂಗಳಿಂದ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿದ್ದ ಕೋಟ್ಯಂತರ ಕೆಲಸಗಾರರನ್ನು ಕೊಂದು ಹೋದರು. ಬರುವ ಸೋಮವಾರ ಎರಡನೇ ಸುತ್ತು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಅವರ ಕರ್ತವ್ಯನಿಷ್ಠೆಗೆ ದೊಡ್ಡ ನಮಸ್ಕಾರ. ಆದರೆ ದಯವಿಟ್ಟು ಬರುವುದು ಬೇಡ.

ಮೊದಲ ತಪ್ಪು ನನ್ನದೇ. ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದ ನಾನು, ಇಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ, ಬಿಡಿಭಾಗ ತೊಳೆದ ಡೀಸೆಲ್ ಎಲ್ಲವನ್ನೂ ಹಿತ್ತಲಿನ ಗುಂಡಿಗೆ ಚೆಲ್ಲುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದು ಸಮಜಾಯಿಷಿ ಕೊಡಬಹುದು, ಕೊಡುವುದಿಲ್ಲ. ಆ ಎಣ್ಣೆ ಮಣ್ಣಿನೊಳಗೇ ಹರಿದು ಪಕ್ಕದ ಮನೆಯ ಬಾವಿ ಸೇರಿತು. ಆ ಮನೆಯಲ್ಲಿರುವುದು ಸೂಲಗಿತ್ತಿ ಅಜ್ಜಿ, ನನ್ನ ಮಗಳ ಹೆರಿಗೆ ಮಾಡಿಸಿದವರು. ಎಂಬತ್ತು ದಾಟಿದ ಅವರು ಈಗ ಕುಡಿಯುವ ನೀರಿಗೆ ಕೊಡ ಹಿಡಿದು ಬೀದಿ ಕೊನೆಯ ನಲ್ಲಿಗೆ ಹೋಗುತ್ತಾರೆ. ನಾನು ಗ್ಯಾರೇಜಿಗೆ ಬೀಗ ಹಾಕಿದ ದಿನ ಬೇಲಿಯಾಚೆಯಿಂದ ನಗುತ್ತಲೇ ಹೇಳಿದರು: "ನಿನ್ನ ಗ್ಯಾರೇಜು ಮುಚ್ತು. ನನ್ನ ಬಾವೀಲಿ ಮಾತ್ರ ಇನ್ನೂ ನಡೀತಾನೇ ಇದೆ ಕಣಪ್ಪ." ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ನನ್ನ ಮಗಳು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದಾಳೆ. "ಅಪ್ಪಾ, ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಈ ಮಣ್ಣಲ್ಲೇ ಇವೆ. ಪಾಪ, ಉಸಿರುಕಟ್ಟಿ ಕೂತಿವೆ. ಗಾಳಿ, ನೀರು, ಒಂಚೂರು ಗೊಬ್ಬರ ಕೊಡು, ಉಳಿದದ್ದು ಅವೇ ನೋಡ್ಕೊಳ್ತವೆ. ಮಣ್ಣು ಸರಿಹೋದ್ರೆ ಬಾವಿಗೆ ಎಣ್ಣೆ ಇಳಿಯೋದೂ ನಿಲ್ಲುತ್ತೆ" ಅಂದಳು. ಅಂದಿನಿಂದ ವಾರಕ್ಕೆರಡು ಸಲ ಮಣ್ಣು ತಿರುವಿ ಹಾಕಿದೆ, ತೇವ ಆರದಂತೆ ನೀರು ಚಿಮುಕಿಸಿದೆ, ಯೂರಿಯಾ ಬೆರೆಸಿದೆ. ಟೀ ಕೇಳದೆ, ರಜೆ ಕೇಳದೆ, ಸ್ಪ್ಯಾನರ್ ಕಳೆದುಹಾಕದೆ ದುಡಿಯುವ ಕೆಲಸಗಾರರು ನನಗೆ ಸಿಕ್ಕಿದ್ದು ಅದೇ ಮೊದಲು. ಐದನೇ ತಿಂಗಳಿಗೆ ಎಣ್ಣೆ ಅರ್ಧಕ್ಕಿಳಿದಿತ್ತು, ಗುಂಡಿಯ ಅಂಚಿನಲ್ಲಿ ಹುಲ್ಲು ಮೂಡಿತ್ತು.

ಆಗ ನನಗೆ ಕಾನೂನು ನೆನಪಾಯಿತು ನೋಡಿ! "ಹಿತ್ತಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೇನೆ, ತಮ್ಮ ಅವಗಾಹನೆಗೆ" ಎಂದು ತಮ್ಮ ಕಚೇರಿಗೆ ಬರೆದುಕೊಟ್ಟೆ. ಮೂವತ್ತು ವರ್ಷ ಎಣ್ಣೆ ಸುರಿದಾಗ ತಮ್ಮಿಂದ ಒಂದು ತುಂಡು ಕಾಗದವೂ ಬಂದಿರಲಿಲ್ಲ. ಬ್ಯಾಕ್ಟೀರಿಯಾ ಎಂದೊಡನೆ ಮೂರೇ ದಿನಕ್ಕೆ ಟ್ಯಾಂಕರ್ ಬಂತು. ಅಡ್ಡ ನಿಂತೆ. ಮೇಸ್ತ್ರಿ ನನ್ನದೇ ಅರ್ಜಿಯನ್ನು ನನ್ನ ಮುಖಕ್ಕೆ ಹಿಡಿದ: "ನೀವೇ ಬರ್ಕೊಟ್ಟಿದ್ದೀರಲ್ಲ ಯಜಮಾನ್ರೇ, ಕ್ರಿಮಿ ಇದೆ ಅಂತ. ಇದ್ಮೇಲೆ ಹೊಡೀಲೇಬೇಕು. ಆರ್ಡರು." ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ ಅಲ್ಲವೇ ಮಾನ್ಯರೇ? ತಮ್ಮ ಅಡುಗೆಮನೆಗೆ ಟ್ಯಾಂಕರ್ ಯಾವಾಗ?

ಹುಲ್ಲು ಈಗ ಬಿಳಿಚಿಕೊಂಡು ಮಲಗಿದೆ. ಆಳದಲ್ಲಿ ಒಂದಿಷ್ಟು ಜೀವ ಉಳಿದಿರಬಹುದು, ಇನ್ನೊಂದು ಸುತ್ತು ಬಿದ್ದರೆ ಅದೂ ಇಲ್ಲ ಎನ್ನುತ್ತಾಳೆ ಮಗಳು. ನಿನ್ನೆ ಅಜ್ಜಿ ಕೊಡ ಕೆಳಗಿಟ್ಟು, "ಇನ್ನೆಷ್ಟು ತಿಂಗಳಪ್ಪ?" ಎಂದು ಕೇಳಿದರು. ಕೊಡವನ್ನು ಅವರ ಮನೆಗೆ ಮುಟ್ಟಿಸಿ ಬಂದು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ಸೋಮವಾರದ ಆದೇಶವನ್ನು ಲಿಖಿತವಾಗಿ ರದ್ದು ಮಾಡಿ. ಪರಿಶೀಲನೆಗೆ ತಾವೇ ಬನ್ನಿ, ನನ್ನಲ್ಲಿ ಇನ್ನೊಂದು ಗುದ್ದಲಿ ಇದೆ. ಟ್ಯಾಂಕರ್ ಕಳಿಸದೆ ತಮಗೆ ಸಮಾಧಾನವೇ ಇಲ್ಲವೆಂದರೆ, ಅದರಲ್ಲಿ ಕುಡಿಯುವ ನೀರು ತುಂಬಿಸಿ ಪಕ್ಕದ ಮನೆಯ ಬಾಗಿಲಿಗೆ ಕಳಿಸಿ. ಅಜ್ಜಿ ಕೊಡ ಹಿಡಿದು ಕಾಯುತ್ತಿರುತ್ತಾರೆ.

ಇಂತಿ,
ಆ ಬಾವಿಯನ್ನು ಕೆಡಿಸಿದವ, ಸದ್ಯ ಕ್ರಿಮಿಗಳ ಪರ ವಕಾಲತ್ತು ವಹಿಸಿರುವ ಮಾಜಿ ಮೆಕ್ಯಾನಿಕ್