ಪಡುವಣದ ಕಿಂಡಿ

ಹೊಸ ಗಂಗಾವಳಿ,
ಫೆಬ್ರವರಿ ಮೂವತ್ತು, ೨೩೯೧

ಹಿರಿಯರೇ,

ನಮ್ಮ ಪಂಚಾಂಗದಲ್ಲಿ ಈ ದಿನವಿದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಕ್ಷಮಿಸಿ. ಕೆಲವು ಪದಗಳೂ ನಿಮಗೆ ಅಪರಿಚಿತವೆನಿಸಬಹುದು.

ನಮ್ಮ ಊರು ಕಡಲ ಮೇಲೆ ತೇಲುತ್ತದೆ. ಸಂಜೆ ಪಾಚಿಯ ಹಪ್ಪಳಗಳನ್ನು ಒಳಗೆ ತರುವ ಹೊತ್ತಿಗೆ ಆಕಾಶದಲ್ಲಿ ನಾದಬಲೆ ಹರಡಿಕೊಳ್ಳುತ್ತದೆ. ಅದು ಸ್ವರದಿಂದ ನೇಯ್ದ ಬಲೆ. ಅದಕ್ಕೆ ತಾಗಿದ ಹಾರುಯಂತ್ರ, ಶತ್ರುವಿನದಾಗಲಿ ನಮ್ಮದಾಗಲಿ, ನಿದ್ದೆ ಬಂದಂತೆ ನೀರಿಗಿಳಿಯುತ್ತದೆ. ಮಲಗಿದ ಮಕ್ಕಳಿಗೆ ಅದು ದೂರದ ತಂಬೂರಿಯಂತೆ ಕೇಳಿಸುತ್ತದೆ. ಕಾವಲಿಗೆ ಹೊರಡುವ ಗಾಳಿದೋಣಿಯವರು ಬಲೆಗೆ "ಹೋಗಿ ಬರ್ತೇವೆ" ಎನ್ನುತ್ತಾರೆ. ಅವರು ಮರಳುವವರೆಗೆ ಪಡುವಣದಲ್ಲಿ ಒಂದು ಕಿಂಡಿ ತೆರೆದಿರುತ್ತದೆ. ಮರಳದಿದ್ದರೆ ಗೋಪುರದ ಕಾವಲಿನವರು "ಅವರು ಬರುವುದಿಲ್ಲ" ಎನ್ನಬೇಕಿತ್ತು. ಆಗ ಮಾತ್ರ ಕಿಂಡಿ ಮುಚ್ಚುತ್ತಿತ್ತು.

ಕಳೆದ ಚಳಿಗಾಲದ ದಾಳಿಯಲ್ಲಿ ಹಗ್ಗದ ಕೇರಿ ಪೂರ್ತಿ ಉರಿಯಿತು. ಬಲೆ ಏಕೆ ತಡೆಯಲಿಲ್ಲವೆಂದು ಪರಿಶೀಲಿಸುವ ಕೆಲಸ ನನಗೆ ಬಂತು. ಬಲೆಯಲ್ಲಿ ದೋಷವಿರಲಿಲ್ಲ. ನಮ್ಮ ದೋಣಿಗಳು ಕಡಲಿಗೆ ಬಿದ್ದದ್ದನ್ನು ಗೋಪುರದ ಇಬ್ಬರೂ ಕಣ್ಣಾರೆ ಕಂಡಿದ್ದರು. ಬಲೆಯಲ್ಲಿ ಉಳಿದಿದ್ದ ಅವರ ಮಾತನ್ನು ಕೇಳಿದೆ.

"ಮಾದೇವಣ್ಣ, ಆ ಮಾತು ಹೇಳಿಬಿಡು ಮಾರಾಯ."

"ನನ್ನ ತಮ್ಮ ಅಲ್ಲಿದ್ದಾನೆ. ನೀನೇ ಹೇಳು ನೋಡ್ವ."

"ಬಿಡ್ತು ಅನ್ನು. ನನ್ನ ಬಾಯಲ್ಲಿ ಎಂತಕ್ಕೆ ಬರಬೇಕು ಅದು?"

ಆ ಮಾತನ್ನು ಇಬ್ಬರೂ ಆಡಲಿಲ್ಲ, ಕಿಂಡಿ ತೆರೆದೇ ಉಳಿಯಿತು. ಶತ್ರುವಿಮಾನಗಳು ಮನೆಗೆ ಮರಳುವವರ ಹಾಗೆ, ಒಂದೊಂದಾಗಿ, ಆ ಕಿಂಡಿಯಿಂದಲೇ ಇಳಿದು ಬಂದವು.

ದೀಪವನ್ನು ಆರಿಸು ಎನ್ನದೆ ಶಾಂತ ಮಾಡು ಎನ್ನಲು ಕಲಿಸಿದವರು ನೀವು. ಕಿಂಡಿಗೂ ಅದೇ ಮಾತು ಇರಲೆಂದು ವರದಿಯಲ್ಲಿ ಸೂಚಿಸಿದೆ, ಒಪ್ಪಿದರು. ಶುಕ್ರ ಮುಳುಗುವ ಹೊತ್ತಿಗೆ ಹೋದವರು ಮರಳದಿದ್ದರೆ, ಕಾವಲಿನವನು "ಶಾಂತ" ಎಂದರೆ ಸಾಕು.

ಇಂದು ಗೋಪುರದ ಸರದಿ ನನ್ನದು. ಪಡುವಣಕ್ಕೆ ಹೋದವರಲ್ಲಿ ನನ್ನ ಮಗಳು ಚಂದ್ರಭಾಗಿ ಇದ್ದಾಳೆ. ಹೊರಡುವಾಗ, "ಅಪ್ಪ, ಗಡಿಬಿಡಿಯಲ್ಲಿ ನನ್ನನ್ನು ಶಾಂತ ಮಾಡಿಬಿಡಬೇಡಿ ಮತ್ತೆ" ಎಂದು ನಕ್ಕಳು.

ಶುಕ್ರ ಮುಳುಗಿದೆ. ಕೆಳಗೆ, ಹೊಸದಾಗಿ ಕಟ್ಟಿದ ಕೇರಿಯಲ್ಲಿ ಮಕ್ಕಳು ಮಲಗಿದ್ದಾರೆ. ಆ ಪದ ನಾಲಿಗೆಗೆ ಹಗುರವೆಂದು ವರದಿಯಲ್ಲಿ ಬರೆದಿದ್ದೆ. ಹಾಗಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಬಾಗಿಲಲ್ಲಿ ನಿಂತು ಹೋಗಿ ಬರುತ್ತೇನೆ ಎನ್ನುವುದನ್ನು ಬಿಡಬೇಡಿ. ಅದು ನಮ್ಮವರೆಗೂ ಬಂದಿದೆ. ಆದರೆ ಬಾರದವರ ಬಗ್ಗೆ ಆಡಬಲ್ಲ ಒಂದು ಮಾತನ್ನೂ ನಿಮ್ಮ ಮಕ್ಕಳಿಗೆ ಕಲಿಸಿಡಿ. ಅದೂ ನಮ್ಮವರೆಗೆ ಬರಲಿ.

ಪಡುವಣ ಇನ್ನೂ ತೆರೆದಿದೆ. ಲೇಖನಿಯನ್ನು ಕೆಳಗಿಟ್ಟು ಅದನ್ನು ಮುಚ್ಚುತ್ತೇನೆ.

ನಿಮ್ಮ ವಂಶದವನು,
ವಿಠೋಬ