ಬಲಗಡೆಯ ಎರಡು ಬೆರಳು ಬಟ್ಟೆ

೭ ನವೆಂಬರ್ ೨೦೦೫, ಸೋಮವಾರ

ಬೆಳಿಗ್ಗೆಯಿಂದ ಹನ್ನೊಂದು ಕಾಲರ್ ಹೊಲಿದೆ. ಎಲ್ಲ ಬಿಳಿ. ಶಾಲೆಯವರು ಯೂನಿಫಾರಂ ಬದಲಿಸಿದ್ದಾರೆ. ಅಂಗಿ ಹರಿದಿಲ್ಲ, ಮಕ್ಕಳು ಬೆಳೆದಿಲ್ಲ, ಆದರೂ ಹೊಸದು ಬೇಕು. ಯಾರನ್ನು ಕೇಳಿ ಬದಲಿಸಿದರು? ಯಾರನ್ನೂ ಇಲ್ಲ.

ಹನ್ನೆರಡನೆಯದಕ್ಕೆ ಕೈ ಹಾಕಿದ್ದೆ, ತಮ್ಮ ಧರ್ಮೇಂದ್ರ ಬಂದ. ಮೈಸೂರು ಬಸ್ಸಿಳಿದು ನೇರ ಜನ್ನಾಪುರದ ನನ್ನ ಹೊಲಿಗೆ ಅಂಗಡಿಗೆ. ಊಟ ಆಯ್ತಾ ಅಂತ ಕೇಳಲೂ ಬಿಡಲಿಲ್ಲ. ಚೀಲ ಬಿಚ್ಚಿ ಟೇಬಲ್ ಮೇಲೆ ಸುರುವಿದ. ಕೆಂಪು-ಕಪ್ಪು ನೈಲಾನ್. ಮಣಿಕಟ್ಟಿನಿಂದ ತೊಡೆಯವರೆಗೆ ಬಟ್ಟೆ, ಎರಡು ಕಾಲಿನ ನಡುವೆ ಬಟ್ಟೆ. ವಿಂಗ್‌ಸೂಟ್. ಮೇಲಿಂದ ಹಾರಿ, ಪ್ಯಾರಾಚೂಟ್ ಬಿಚ್ಚುವ ಮೊದಲು ಒಂದೆರಡು ನಿಮಿಷ ಇದರಲ್ಲಿ ರೆಕ್ಕೆ ಬಿಚ್ಚಿ ಹಾರುತ್ತಾರಂತೆ.

ಪಕ್ಕದ ಮನೆ ಹುಚ್ಚಮ್ಮ ಇಣುಕಿದಳು.

"ಏನ್ ಮಾರಾಯ್ತಿ ಇದು, ಬಾವಲಿ ಸುಲ್ಕೊಂಡ್ ಬಂದವ್ನಾ ನಿನ್ ತಮ್ಮ?"

"ಹ್ಞೂ ಹುಚ್ಚಮ್ಮಾರೆ, ನಿಮಗೂ ಒಂದ್ ಹೊಲಿಸ್ಲಾ?" ಅಂದ ಧರ್ಮ.

"ಬ್ಯಾಡಪ್ಪ. ನಾನ್ ಹಾರಿದ್ರೆ ನಮ್ಮನೆಯೋರು ಖುಷೀಲಿ ಬಾಗ್ಲು ಹಾಕ್ಕೊಂಡ್ಬಿಡ್ತಾರೆ."

ನಕ್ಕೆವು. ಆಮೇಲೆ ಧರ್ಮ ವಿಷಯ ಹೇಳಿದ. ನಗು ನಿಂತಿತು.

ಎಂಟು ವರ್ಷ ಸೈನ್ಯದಲ್ಲಿ ಪ್ಯಾರಾಚೂಟ್ ಹಾರಿದವನು. ಈಗ ಮೈಸೂರಿನ ಒಂದು ಜಂಪ್ ಕ್ಲಬ್ಬಿನಲ್ಲಿ ಪ್ಯಾಕರ್. ಬೇರೆಯವರು ಹಾರುವ ಪ್ಯಾರಾಚೂಟ್ ಮಡಚಿ ಕೊಡುವ ಕೆಲಸ. ಆರು ವರ್ಷ ಮಡಚಿದ ಮೇಲೆ ಟೀಮಿನಲ್ಲಿ ಒಂದು ಜಾಗ ಕೊಟ್ಟಿದ್ದಾರೆ. ೨೭ಕ್ಕೆ ಶಂಕರಘಟ್ಟದ ಆಚೆ ಬಯಲಲ್ಲಿ ಪ್ರದರ್ಶನ. ನಾಲ್ಕು ಜನ ಗಾಳಿಪಟದ ನಾಲ್ಕು ಮೂಲೆಯ ಹಾಗೆ ಒಟ್ಟಿಗೆ ಹಾರಬೇಕು. ಹಿಂದಿನ ಮೂಲೆ ಇವನದು. ಆದರೆ ಆ ಮೂಲೆಯಲ್ಲಿ ನಿಲ್ಲಲು ಆಗುತ್ತಿಲ್ಲ. ಸೂಟು ಟೀಮಿನ ಲೀಡರ್ ಶಶಿಧರ್ ಬಿಟ್ಟುಕೊಟ್ಟ ಹಳೆಯದು. ಆತ ಆರಡಿ ಆಳು. ಇವನು ಐದಡಿ ನಾಲ್ಕಿಂಚು, ಐವತ್ತೆರಡು ಕೆಜಿ.

"ಅವರು ಮೂವರೂ ಕೆಳಗ್ ಹೋಗ್ತಾರೆ ಅಕ್ಕ. ನಾನು ಮೇಲೇ ಉಳ್ಕೊಂತೀನಿ. ಬಟ್ಟೆ ಜಾಸ್ತಿ, ತೂಕ ಕಮ್ಮಿ."

"ಮೇಲಿದ್ರೆ ಅವರಿಗೇನಂತೆ?"

"ಮೂಲೆ ಖಾಲಿ ಆಯ್ತಲ್ಲ. ಶಶಿ ಸರ್ ಅಂದ್ರು, ಬಟ್ಟೆ ಕಮ್ಮಿ ಮಾಡಿಸ್ಕೊಂಡ್ ಕೆಳಗಿಳಿ, ಇಲ್ದಿದ್ರೆ ಮೂರೇ ಜನ ಹೋಗ್ತೀವಿ ಅಂತ."

ನಾವು ಕೆಳಗಿದ್ದರೂ ತಪ್ಪು, ಮೇಲಿದ್ದರೂ ತಪ್ಪು. ತಲೆತಲಾಂತರ ತುಳಿದರು. ಈಗ ಒಬ್ಬ ಮೇಲೆ ತೇಲಿದ, ಅವನನ್ನು ಇಳಿಸುವ ಕತ್ತರಿ ಅಕ್ಕನ ಕೈಗೇ.

ಮಾಡುತ್ತೇನೆ. ಅವನಿಗೆ ಆ ಜಾಗ ಬೇಕು.

೮ ನವೆಂಬರ್

ನಿಲ್ಲಿಸಿ ಅಳತೆ ತೆಗೆದೆ. "ನಿಂತ್ಕೊಂಡು ಯಾರಕ್ಕಾ ಹಾರ್ತಾರೆ?" ಅಂದ. ಟೇಬಲ್ ಮೇಲೆ ಬೋರಲು ಮಲಗಿ ಕೈಕಾಲು ಚಾಚಿದ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಮಲಗಿದವನ ಅಳತೆ ಇದೇ ಮೊದಲು. ಮೂರಿಂಚು ವ್ಯತ್ಯಾಸ.

ರೆಕ್ಕೆ ಅಂದರೆ ದಿಂಬಿನ ಗವಸಿನಂತೆ ಎರಡು ಪದರ. ಮುಂದೆ ಸಣ್ಣ ಬಾಯಿ. ಗಾಳಿ ಅದರೊಳಗೆ ನುಗ್ಗಿ ರೆಕ್ಕೆ ಬಿಗಿಯಾಗಬೇಕು. ಪಟಪಟ ಅಂದರೆ ಕೆಟ್ಟಿತು.

ಇನ್ನೊಂದನ್ನು ಎರಡು ಸಲ ಹೇಳಿದ. ಬೆನ್ನಚೀಲದ ತಳದಲ್ಲಿ, ಬಲ ಸೊಂಟದ ಹಿಂದೆ, ಒಂದು ಹಿಡಿ. ಕಣ್ಣಿಗೆ ಕಾಣುವುದಿಲ್ಲ. ಬಲಗೈ ಹಿಂದಕ್ಕೆ ಹೋಗಬೇಕು, ಹಿಡಿಯಬೇಕು, ಎಳೆದು ಗಾಳಿಗೆ ಎಸೆಯಬೇಕು. ಆಗ ಪ್ಯಾರಾಚೂಟ್ ಬಿಚ್ಚುತ್ತದೆ.

"ಸಿಗದಿದ್ರೆ?"

"ಎದೆ ಮೇಲೆ ಇನ್ನೊಂದು ಇದೆ. ರಿಸರ್ವ್."

"ಅದೂ?"

"ನೀನ್ ಅಳತೆ ತಗೋ ಅಕ್ಕ."

೧೦ ನವೆಂಬರ್, ಗುರುವಾರ

ಶಿವಮೊಗ್ಗ. ಗಾಂಧಿ ಬಜಾರಿನಲ್ಲಿ ನೈಲಾನ್ ನೂಲಿಗೆ ನಾಲ್ಕು ಅಂಗಡಿ ಸುತ್ತಿದೆ. ಕೊನೆಗೆ ಹಳೆಯ ಅಂಗಡಿ. ಮಾಲೀಕ ಗುರುತು ಹಿಡಿದ.

"ಕ್ಯಾ ಅಕ್ಕಾ, ಬ್ಯಾನರ್ ಹೊಲಿಯೋದ್ ಬಿಟ್ರಾ? ನಿಮ್ ಜುಲೂಸ್ ಈಗ ಕಾಣೋದೇ ಇಲ್ಲ."

"ಜುಲೂಸ್ ಮೇಲೆ ಹೋಗಿದೆ ಸಾಬರೆ, ಆಕಾಶಕ್ಕೆ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಎಂಬತ್ತನಾಲ್ಕರಲ್ಲಿ ನಮ್ಮ ದಲಿತರ ಮೆರವಣಿಗೆಗೆ ಇದೇ ಅಂಗಡಿಯ ನೀಲಿ ಬಟ್ಟೆಯಲ್ಲಿ ಬ್ಯಾನರ್ ಹೊಲಿದಿದ್ದೆ. ಲಾಠಿ ಬಿತ್ತು. ಬ್ಯಾನರ್ ಹರಿಯಲಿಲ್ಲ, ನನ್ನ ಭುಜದ ಮೂಳೆ ಮುರಿಯಿತು. ಈಗಲೂ ಚಳಿಗೆ ನೋಯುತ್ತದೆ.

೧೩ ನವೆಂಬರ್, ಭಾನುವಾರ

ಇವತ್ತು ಹುಚ್ಚಾಟ. ಭೀಮೇಶ್ ಲಾರಿ ಟಾರ್ಪಾಲಿನ್ ಹೊಲಿಯುವವನು. ನನ್ನ ಮಿಷನ್ ಸೂಜಿ ಈ ಬಟ್ಟೆಗೆ ತಡೆಯುವುದಿಲ್ಲ, ಅವನದೇ ಗತಿ. ಪರಿಚಯದ ಖಾಲಿ ಲಾರಿಯೊಂದನ್ನು ಹೊರಡಿಸಿದ. ಬೆಳಿಗ್ಗೆ ಆರಕ್ಕೆ ಬೈಪಾಸ್. ಧರ್ಮ ಸೂಟು ತೊಟ್ಟು ಕ್ಯಾಬಿನ್ ಮೇಲೆ ಬೋರಲು. ಸೊಂಟಕ್ಕೆ ಹಗ್ಗ. ನಾನು ಹಿಂದೆ ಬಾಡಿಯಲ್ಲಿ, ಬಾಯಲ್ಲಿ ಪಿನ್ನು.

"ಡೇಯ್ ಧರ್ಮಾ, ಕೊಕ್ಕರೆ ಥರ ಇದೀಯ! ಮೊಟ್ಟೆ ಇಟ್ಬಿಟ್ಟೀಯ, ಲಾರಿ ಓನರ್ ಬೈತಾನೆ!" ಕ್ಯಾಬಿನ್ ಕಿಟಕಿಯಿಂದ ಭೀಮೇಶ್ ಕೂಗಿದ.

"ನೀನ್ ಸ್ಪೀಡ್ ಕೊಡ್ಸೋ!"

ಎಂಬತ್ತು ಕಿಲೋಮೀಟರ್. ರೆಕ್ಕೆ ಉಬ್ಬಿತು. ಕೆಳ ಅಂಚು ಮಾತ್ರ ಹರಿದ ಪೋಸ್ಟರಿನಂತೆ ಬಡಿದುಕೊಳ್ಳುತ್ತಿತ್ತು. ನಿಲ್ಲಿಸಿದೆವು. ಎರಡು ಬೆರಳಗಲ ಬಟ್ಟೆ ಹಿಡಿದು ಪಿನ್ ಹಾಕಿದೆ. ಮತ್ತೆ ಓಡಿಸಿದೆವು. ಮೂರು ಬೆರಳು. ನಾಲ್ಕು ಬೆರಳಿಗೆ ಸದ್ದು ನಿಂತಿತು. ರೆಕ್ಕೆ ಹಲಗೆಯಂತಾಯಿತು. ಧರ್ಮ ಏನೋ ಕೂಗುತ್ತಿದ್ದ, ಗಾಳಿಗೆ ಕೇಳಲಿಲ್ಲ. ಮುಖ ನೋಡಿದೆ. ಹತ್ತು ವರ್ಷದವನಿದ್ದಾಗ ಕಂಡ ಮುಖ.

ನಾಲ್ಕು ಬೆರಳು. ಎರಡೂ ಕಡೆ. ಕತ್ತರಿಸಿ ತೆಗೆಯಬೇಕು.

೧೫ ನವೆಂಬರ್

ಎಡ ರೆಕ್ಕೆ. ಧರ್ಮ ಪಕ್ಕದಲ್ಲೇ ಕೂತಿದ್ದ. ಗುರುತಿನ ಮೇಲೆ ಕತ್ತರಿ ಇಟ್ಟೆ, ಒತ್ತಲು ಆಗಲಿಲ್ಲ.

"ಮಡಚಿ ಒಳಗೆ ಬಿಡ್ಲೇನೋ? ಬೇಕಾದಾಗ ಬಿಚ್ಚಬಹುದು."

"ಬ್ಯಾಡ. ಒಳಗಿದ್ರೆ ಗಾಳಿ ಹೊಕ್ಕುತ್ತೆ. ಕತ್ರಿಸು."

ಕತ್ತರಿಸಿದೆ. ಭೀಮೇಶನ ಮಿಷನ್ನಲ್ಲಿ ಎರಡು ಸಾಲು ಹೊಲಿಗೆ. ಧರ್ಮ ಸಂಜೆ ಮೈಸೂರಿಗೆ ಹೋದ. ರಜೆ ಮುಗಿಯಿತು.

೧೬ ನವೆಂಬರ್, ಬುಧವಾರ

ಬಲ ರೆಕ್ಕೆ ನಾನೊಬ್ಬಳೇ. ನಾಲ್ಕು ಬೆರಳಿಗೂ ಕೈ ಬರಲಿಲ್ಲ. ಎರಡು ಕತ್ತರಿಸಿದೆ, ಎರಡು ಒಳಗೆ ಮಡಚಿದೆ. ಹೊರಗಿಂದ ಎಡದಷ್ಟೇ ಕಾಣುತ್ತದೆ.

ನಮ್ಮ ಮನೆಯಲ್ಲಿ ಯಾವ ಅಂಗಿಗೂ ಒಳಗೆ ಬಟ್ಟೆ ಬಿಡದೆ ಹೊಲಿದದ್ದಿಲ್ಲ. ನನ್ನ ಲಂಗ ನಾಲ್ಕು ಸಲ ಬಿಚ್ಚಿ ಉದ್ದ ಮಾಡಿದ್ದಳು ಅವ್ವ. ಜನ್ನಾಪುರದಲ್ಲಿ ನನ್ನ ಅಂಗಡಿ ನಡೆಯುವುದೇ ಇದರಿಂದ, ವಿಮಲಕ್ಕ ಒಳಗೆ ಬಟ್ಟೆ ಬಿಡ್ತಾಳೆ ಅಂತ. ಅಲ್ಲದೆ ಈ ಜನರನ್ನು ನಂಬುವುದು ಹೇಗೆ? ಇವತ್ತು ಇಳಿ ಅಂದವರು ನಾಳೆ ಏರು ಅಂದರೆ? ನಮ್ಮಿಂದ ಕಿತ್ತದ್ದನ್ನು ವಾಪಸು ತೆಗೆದುಕೊಳ್ಳಲು ಎರಡು ಬೆರಳಾದರೂ ಉಳಿದಿರಬೇಕು.

ಪಾರ್ಸೆಲ್ ಕಳಿಸಿದೆ. ಮಡಿಕೆ ವಿಷಯ ಚೀಟಿಯಲ್ಲಿ ಬರೆಯಲಿಲ್ಲ. ಬೈತಾನೆ.

೨೬ ನವೆಂಬರ್, ಶನಿವಾರ, ಸಂಜೆ ೭

ಧರ್ಮ ಬಂದು ಹೋದ. ಟೀಮು ಶಿವಮೊಗ್ಗದ ಲಾಡ್ಜಿನಲ್ಲಿದೆ. ಹೆಲಿಕಾಪ್ಟರ್ ಇವತ್ತು ಬಂತು, ಮಧ್ಯಾಹ್ನ ಒಂದು ರಿಹರ್ಸಲ್.

ಕಾಲು ನೆಲದ ಮೇಲಿರಲಿಲ್ಲ ಅವನದು. "ನಾಲ್ಕೂ ಜನ ಒಂದೇ ಮಟ್ಟ ಅಕ್ಕ! ಗೆರೆ ಎಳೆದಂಗೆ! ಶಶಿ ಸರ್ ತಿರುಗಿ ನೋಡಿ ಹೆಬ್ಬೆಟ್ಟು ಎತ್ತಿದ್ರು. ಆರು ವರ್ಷದಲ್ಲಿ ಮೊದಲ ಸಲ."

ಮುದ್ದೆ ಹಾಕಿದೆ. ಎರಡನೆಯ ತುತ್ತಿಗೆ ಹೇಳಿದ, ತಟ್ಟೆ ನೋಡುತ್ತಾ.

"ಹಿಡಿ ಸಿಗ್ಲಿಲ್ಲ ಒಂದ್ಸಲ. ಎರಡ್ಸಲ. ಮೂರನೇ ಸಲಕ್ಕೆ ಸಿಕ್ತು. ಬಟ್ಟೆ ಉಬ್ಬಿ ಅಡ್ಡ ಬಂದಂಗಾಯ್ತು... ನನ್ ಕೈದೇ ತಪ್ಪು ಬಿಡು, ಬೆವರಿತ್ತು."

"ಅವರಿಗೆ ಹೇಳಿದ್ಯಾ?"

"ಹುಚ್ಚಾ? ಹೇಳಿದ್ರೆ ಜಾಗ ಹೋಗುತ್ತೆ."

ನನ್ನ ಕೈ ಸಾರಿನ ಪಾತ್ರೆಯಲ್ಲೇ ನಿಂತಿತು. ಬೆವರಲ್ಲ. ಬಲಗಡೆ. ನನ್ನ ಎರಡು ಬೆರಳು. ಮಡಿಕೆಯೊಳಗೆ ಗಾಳಿ ಹೊಕ್ಕಿದೆ, ಬಲೂನಿನಂತೆ ಉಬ್ಬಿದೆ, ಸರಿಯಾಗಿ ಹಿಡಿಯ ಮೇಲೆ.

ಹೇಳಲಿಲ್ಲ. ಅವನು ನಗುತ್ತಾ ಉಣ್ಣುತ್ತಿದ್ದ. ಆರೂವರೆ ಬಸ್ಸಿಗೆ ಹೋದ. ಊರೂರ ವೇದಿಕೆಯಲ್ಲಿ ಮೈಕ್ ಹಿಡಿದು ಬೆಂಕಿ ಕಾರಿದ ಬಾಯಿ ಇದು. ಪೊಲೀಸರ ಮುಂದೆ, ಜಮೀನ್ದಾರರ ಮುಂದೆ ಮುಚ್ಚದ ಬಾಯಿ. ತಮ್ಮನ ಮುಂದೆ ಹೊಲಿದುಕೊಂಡಿತು. ಯಾರ ತಪ್ಪನ್ನಾದರೂ ಹೇಳಬಲ್ಲೆ, ನನ್ನದೊಂದನ್ನು ಬಿಟ್ಟು.

ಕಾಯಿನ್ ಫೋನಿಗೆ ಓಡಿದೆ. ಅವನ ಮೊಬೈಲ್ ಸ್ವಿಚ್ ಆಫ್. ಲಾಡ್ಜಿನ ಹೆಸರು ಅವನು ಹೇಳಿದ್ದು ನೆನಪಿದೆ, ನಂಬರ್ ಇಲ್ಲ.

ಬೆಳಿಗ್ಗೆ ಮೊದಲ ಬಸ್ಸು. ನೇರ ಲೀಡರ್ ಹತ್ತಿರ ಹೇಳಬೇಕು. ಧರ್ಮನಿಗಷ್ಟೇ ಹೇಳಿದರೆ ಮುಚ್ಚಿಟ್ಟು ಹಾರುತ್ತಾನೆ. ಅವನು ನನ್ನ ತಮ್ಮ.

೨೭ ನವೆಂಬರ್, ಭಾನುವಾರ, ಬೆಳಿಗ್ಗೆ ೮.೪೦, ಲಾಡ್ಜಿನ ಮೆಟ್ಟಿಲು

ಹೇಳಿದೆ. ಎಲ್ಲರ ಎದುರು. ಶಶಿಧರ್ ಇಡ್ಲಿ ತಿನ್ನುತ್ತಿದ್ದ. ಕೇಳಿ ತಟ್ಟೆ ಕೆಳಗಿಟ್ಟ. ಸೂಟು ತರಿಸಿದ. ಮಡಿಕೆಯೊಳಗೆ ತಾನೇ ಬೆರಳು ತೂರಿಸಿ ನೋಡಿದ.

ಧರ್ಮನ ಕಡೆ ತಿರುಗಿ, "ಮೂರು ಸಲ ಕೈ ಹಾಕಿದ್ದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಜಾಗ ಕೊಡ್ತಿದ್ರಾ ಸರ್?"

ಆತ ಸೂಟನ್ನು ತನ್ನ ತೊಡೆಗೆ ಎಳೆದುಕೊಂಡ. "ಇವತ್ತು ನೀನು ಹಾರಲ್ಲ" ಅಂದ, ಅಷ್ಟೇ.

ನಾನು ಬಿಡಲಿಲ್ಲ. "ತಪ್ಪು ನನ್ನದು, ಶಿಕ್ಷೆ ಅವನಿಗಾ? ಆರು ವರ್ಷ ಅವನು ಮಡಚಿದ್ದನ್ನ ಬೆನ್ನಿಗೆ ಕಟ್ಕೊಂಡು ಹಾರಿದೀರಲ್ಲ, ಒಂದ್ ದಿನ ಬಿಚ್ಚದೆ ಇದ್ದದ್ದುಂಟಾ?"

"ಇಲ್ಲ."

"ಮತ್ತೆ?"

"ಅದಕ್ಕೇ ಮೇಡಂ. ಅವನು ನಂಗೆ ಬೇಕು."

ಅವನು ಬೇಕೋ, ಅವನ ಕೈ ಬೇಕೋ? ಕೇಳಬೇಕಿತ್ತು. ಆದರೆ ಆ ಮನುಷ್ಯ ಇನ್ನೂ ಆ ಮಡಿಕೆಯೊಳಗಿಂದ ಬೆರಳು ತೆಗೆದಿರಲಿಲ್ಲ.

ಧರ್ಮ ನನ್ನನ್ನು ನೋಡಲಿಲ್ಲ. ಹೊರಗೆ ಬಂದ ಮೇಲೆ ಒಂದೇ ಮಾತು. "ಎಲ್ಲರ ಮುಂದೆ ಹೇಳಬೇಕಿತ್ತಾ ಅಕ್ಕ?"

ಹೇಳಬೇಕಿತ್ತು. ನಿನ್ನೆ ನಿನ್ನ ಮುಂದೆ ಹೇಳಬೇಕಿತ್ತು. ಹದಿನಾರನೇ ತಾರೀಕು ಚೀಟಿಯಲ್ಲಿ ಬರೆಯಬೇಕಿತ್ತು.

ಮಧ್ಯಾಹ್ನ ೧೨, ಶಂಕರಘಟ್ಟದ ಬಯಲು

ಜನ ಜಾತ್ರೆಯಲ್ಲ, ಅದಕ್ಕಿಂತ ಹೆಚ್ಚು. ಬಸ್ಸಿನ ಟಾಪಿನ ಮೇಲೂ ಹುಡುಗರು. ಬೆಳಿಗ್ಗೆ ಆ ಮೂವರ ಪ್ಯಾರಾಚೂಟ್ ಮಡಚಿದವನು ಧರ್ಮನೇ. ಜಾಗ ಕಿತ್ತುಕೊಂಡವರ ಪ್ರಾಣ ಮೊಣಕಾಲಡಿ ಒತ್ತಿಕೊಂಡು, ಒಂದೊಂದು ಮಡಿಕೆ ಎರಡೆರಡು ಸಲ ಸವರಿ ಮಡಚಿದ. ನೋಡುತ್ತಾ ನಿಂತೆ. ಸಿಟ್ಟಿನ ಕೈ ಹೀಗಿರುತ್ತದೆಂದು ಗೊತ್ತಿರಲಿಲ್ಲ.

ಹಾರಿದರು. ಕತ್ತು ನೋಯುವಷ್ಟು ಎತ್ತರ. ಮುಂದೆ ಒಬ್ಬ, ಎಡಕ್ಕೊಬ್ಬ, ಬಲಕ್ಕೊಬ್ಬ. ಹಿಂದೆ ಖಾಲಿ. ಮೂವರು ಹತ್ತಿರ ಸರಿದು ಮುಚ್ಚಿಕೊಳ್ಳಬಹುದಿತ್ತು, ಮುಚ್ಚಲಿಲ್ಲ. ಆ ಮೂಲೆ ಹಾಗೇ ಬಿಟ್ಟು, ಅಲ್ಲೊಬ್ಬ ಇದ್ದಾನೆಂಬಂತೆ ಕೊನೆವರೆಗೂ ಹಾರಿದರು. ಜನಕ್ಕೆ ತಿಳಿಯಲಿಲ್ಲ, ಚಪ್ಪಾಳೆ ಹೊಡೆದರು.

ಧರ್ಮ ತಲೆ ಎತ್ತಲೇ ಇಲ್ಲ. ಮೂರು ಪ್ಯಾರಾಚೂಟ್ ಬಿಚ್ಚಿದ ಸದ್ದು ಬೆರಳಲ್ಲಿ ಎಣಿಸಿದ.

ಮಧ್ಯಾಹ್ನ ೩.೧೦

ಶಶಿಧರ್ ಬಂದ. ನಾಲ್ಕಕ್ಕೆ ಇನ್ನೊಂದು ಹಾರಾಟ.

"ಮೇಡಂ, ಬಲಗಡೆ ಸರಿ ಮಾಡಿ. ಚೀಲ ಕಟ್ಟಿಸಿ, ನಾನೇ ಅವನ ಕೈ ಹಿಡ್ಕೊಂಡು ಇಪ್ಪತ್ತು ಸಲ ಹಿಡಿ ಎಳಿಸ್ತೀನಿ. ಒಂದ್ಸಲ ತಪ್ಪಿದ್ರೂ ಇಲ್ಲ."

ಜೀಪಿನ ನೆರಳಲ್ಲಿ ಕೂತೆ. ಹೊಲಿಗೆ ಬಿಚ್ಚಿದೆ. ಎರಡು ಬೆರಳು ಬಟ್ಟೆ ಹೊರಗೆ ಬಂತು, ಮಡಿಕೆಯ ಗುರುತು ಸಮೇತ. ಕತ್ತರಿ ಇಟ್ಟೆ. ಮತ್ತೆ ಅದೇ. ಕೈ ನಿಂತಿತು. ಜೀವ ಹೋಗಲಿದ್ದದ್ದು ಇದರಿಂದಲೇ ಅಂತ ಗೊತ್ತು, ಆದರೂ ನಿಂತಿತು. ಬೆಳಿಗ್ಗೆಯಿಂದ ದೂರವಿದ್ದ ಧರ್ಮ ಎದುರು ಬಂದು ಕುಕ್ಕರಗಾಲಲ್ಲಿ ಕೂತ.

"ಕತ್ರಿಸಕ್ಕ. ನಂಗೆ ಮೂವತ್ನಾಲ್ಕು. ಇನ್ನೆಲ್ಲಿ ಬೆಳೀತೀನಿ?"

ಕತ್ತರಿಸಿದೆ.

ಮಿಷನ್ ಇಲ್ಲ, ಕೈಹೊಲಿಗೆಯೇ. ಎರಡು ಸಾಲು. ಒಂದು ಸಾಲು ಮುಗಿಯಿತು. ಎರಡನೆಯದಕ್ಕೆ ನೂಲು ಸಿದ್ಧವಾಗುವವರೆಗೆ ಇದನ್ನು ಬರೆಯುತ್ತಿದ್ದೇನೆ. ಅವನು ನನಗಾಗಿ ನೂಲು ಪೋಣಿಸುತ್ತಿದ್ದಾನೆ, ನಾಲಿಗೆ ಕಚ್ಚಿಕೊಂಡು. ಹೆಲಿಕಾಪ್ಟರ್ ರೆಕ್ಕೆ ತಿರುಗಲು ಶುರುವಾಯಿತು. ಇನ್ನೂ ಎಂಟು ಇಂಚು. ಸೂಜಿ ಚಾಚಿದ. ಪೆನ್ನು ಇಡುತ್ತೇನೆ.