ದಡದಲ್ಲಿ ಕುಕ್ಕರು ಕಾದವಳಿಗೆ

ಪೂರಿಗಾಲಿ
18 ಡಿಸೆಂಬರ್ 2025

ರೂಪಾ,

ವನಜಾ ಬರೆಯುವುದು. ನಾನು ಕ್ಷೇಮ. ನೀನು ಕ್ಷೇಮವೋ ಎಂದು ಕೇಳುವುದಿಲ್ಲ. ಕೇಳಿದರೆ ಕ್ಷೇಮ ಎಂದೇ ಹೇಳುವವಳು ನೀನು.

ಫೋನು ಮಾಡಬಹುದಿತ್ತು. ಆದರೆ ನಿನ್ನ ಮನೆಯಲ್ಲಿ ಫೋನು ಎತ್ತಿದ ತಕ್ಷಣ ನಿನ್ನ ಗಂಡ ಸ್ವಾಮಿ ಸ್ಪೀಕರ್ ಒತ್ತುತ್ತಾನೆ. ನಿನ್ನನ್ನು ಬೈಯುವುದನ್ನು ಮನೆಮಂದಿಯೆಲ್ಲ ಕೂತು ಕೇಳುವುದು ನನಗೆ ಬೇಡ. ಅದಕ್ಕೇ ಈ ಕಾಗದವನ್ನು ನೀನು ಬ್ಲೌಸು ಹೊಲಿಸಲು ಹೋಗುವ ತಾಹೇರಾ ಕೈಗೆ ತಲುಪಿಸುತ್ತಿದ್ದೇನೆ. ಅಲ್ಲೇ ಓದು. ದ್ವೀಪದಿಂದ ಬಂದು ನಾಲ್ಕು ದಿನವಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮಳವಳ್ಳಿ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾಗ ಭೂಗೋಳದ ಪಟ ನೋಡಿ ದ್ವೀಪ ಬೇಕು ಎಂದವಳು ನೀನು, ನಾನಲ್ಲ. ನಿನ್ನೂರು ಬೆಳಕವಾಡಿಯ ಪಕ್ಕದಲ್ಲೇ ಶಿವನಸಮುದ್ರ ಇದೆಯಲ್ಲೇ, ಕಾವೇರಿ ನಡುವಿನ ನಡುಗಡ್ಡೆ, ಅದೇ ಸಾಕು ಎಂದರೆ ಮೂತಿ ತಿರುಗಿಸಿದ್ದೆ. ಎತ್ತ ತಿರುಗಿದರೂ ದಡ ಕಾಣಬಾರದು, ಅಂಥದ್ದೇ ಬೇಕು ಅಂದಿದ್ದೆ. ಮೂವತ್ತು ವರ್ಷ ಆ ಮಾತನ್ನು ನೆನಪಿಟ್ಟುಕೊಂಡವಳು ನಾನು.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನಮಗೇನು ಅಡ್ಡಿಯಿತ್ತು ಹೇಳು. ಮಂಡ್ಯದಿಂದ ಮೈಸೂರು, ಮಡಿಕೇರಿ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಉಡುಪಿ. ಆಧಾರ್ ಕಾರ್ಡು ತೋರಿಸಿದರೆ ಮುಗಿಯಿತು. ಛತ್ರದಲ್ಲಿ ಮಲಗುವುದು, ಬೆಳಿಗ್ಗೆ ಮಲ್ಪೆಗೆ ಹೋಗಿ ದೋಣಿ ಹತ್ತುವುದು. ನಾವಿಬ್ಬರೇ. ನೀನೇ ನನ್ನ ಕೈ ಹಿಡಿದು ನಾವಿಬ್ಬರೇ ಅಂದಿದ್ದೆ. ಶಾಲೆಯ ಬಿಸಿಯೂಟದ ಅಡುಗೆಗೆ ನನ್ನ ಬದಲು ನಾದಿನಿಯನ್ನು ಒಪ್ಪಿಸಲು ನಾನು ಒಂದು ವಾರ ಅವಳ ಕಾಲು ಹಿಡಿದದ್ದು ನಿನಗೆ ಗೊತ್ತಿಲ್ಲ.

ಆಮೇಲೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಡದ್ದೇನು? ಮುಂದೆ ಸ್ವಾಮಿ, ಹಿಂದೆ ನಿನ್ನ ಅತ್ತೆ ದೇವಿರಮ್ಮ, ಅವರ ಹಿಂದೆ ನಿನ್ನ ನಾದಿನಿ, ಅವಳ ಗಂಡ, ಮೂವರು ಮಕ್ಕಳು. ಎಲ್ಲರ ಹಿಂದೆ ಕುಕ್ಕರು, ಒಲೆ, ಪುಟ್ಟ ಸಿಲಿಂಡರು, ರಾಗಿಹಿಟ್ಟಿನ ಚೀಲ, ಮುದ್ದೆ ಕೋಲು ಹೊತ್ತುಕೊಂಡು ನೀನು. ಸಮುದ್ರ ನೋಡಲು ಯಾರಾದರೂ ಮುದ್ದೆ ಕೋಲು ತರುತ್ತಾರೆಯೇ? ನಾನು ಬಾಯಿ ತೆರೆಯುವ ಮೊದಲೇ ಸ್ವಾಮಿ ನನಗೆ ಸಮಾಧಾನ ಹೇಳಿದ: "ಆ ಕಡೆ ಬರೀ ಅನ್ನ ಕಣಮ್ಮ. ಇಟ್ಟಿಲ್ದೆ ನಮ್ಮವ್ವ ಒಂದೊತ್ತೂ ತಡಿಯಾಕಿಲ್ಲ." ನೀನು ನೆಲ ನೋಡುತ್ತಿದ್ದೆ.

ಘಾಟಿಯಲ್ಲಿ ನಿನ್ನ ಅತ್ತೆ ವಾಂತಿ ಮಾಡಿಕೊಂಡರು, ಕವರು ಹಿಡಿದವಳು ನೀನು. ಛತ್ರದಲ್ಲಿ ಮಕ್ಕಳು ಸೊಳ್ಳೆ ಎಂದವು, ಬೀಸಿದವಳು ನೀನು. ಅಷ್ಟನ್ನೂ ನುಂಗಿಕೊಂಡೆ. ಬೆಳಗಾದರೆ ದ್ವೀಪವಲ್ಲ ಎಂದುಕೊಂಡೆ.

ದೋಣಿಯವನು ಒಲೆ, ಸಿಲಿಂಡರು, ಪಾತ್ರೆ ಯಾವುದೂ ದೋಣಿಗೆ ಬೇಡ ಅಂದ. ಸಾಮಾನು ಯಾರಾದರೂ ಕಾಯಬೇಕಲ್ಲ ಎಂದು ದೇವಿರಮ್ಮ ಗಾಳಿಗೆ ಹೇಳಿದಂತೆ ಹೇಳಿದರು. ಅಷ್ಟೇ ಕಣೇ. ನೀನು ಕೂರು ಎಂದು ಯಾರೂ ಅನ್ನಲಿಲ್ಲ. ನಿನ್ನ ನಾದಿನಿಯ ಗಂಡ ಆಗಲೇ ಬೀಡಿ ಹಚ್ಚಿ ಸರ್ವೆ ಮರದ ಕೆಳಗೆ ನಿಂತಿದ್ದ. ಅವನನ್ನು ಕೂರಿಸಬಹುದಿತ್ತು. ನಾನು ಅದನ್ನು ಹೇಳುವಷ್ಟರಲ್ಲಿ ನೀನು ಮರದ ನೆರಳಿಗೆ ಜಮಖಾನ ಹಾಸಿ ಆಗಿತ್ತು. "ನೀವೆಲ್ಲ ಓಗ್ಬನ್ನಿ, ಅಷ್ಟೊತ್ಗೆ ಸಾರಿಗೆ ಒಗ್ಗರಣೆ ಆಕಿರ್ತೀನಿ" ಅಂದೆ, ನಗುನಗುತ್ತಾ. ಆ ನಗು ನೋಡಿ ನನಗೆ ಮೈ ಉರಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಿನ್ನ ವಿಷಯದಲ್ಲಿ ಆ ಪೂಜಾರಿ ನಿನ್ನ ಗಂಡನೂ ಅಲ್ಲ, ಅತ್ತೆಯೂ ಅಲ್ಲ, ನೀನೇ. ಆ ಸಿಟ್ಟಿಗೇ ನಾನು ದೋಣಿ ಹತ್ತಿದೆ. ತಿರುಗಿ ಕೂಡ ನೋಡಲಿಲ್ಲ.

ನಾವು ಬಂದ ಮೇಲೆ ಹೇಗಿತ್ತು ಎಂದು ನೀನು ಕೇಳಿದೆ. ಅಂಥದ್ದೇನೂ ಇಲ್ಲ ಬುಡು, ಬರೀ ಕಲ್ಲು ಅಂದೆ ನಾನು. ಸುಳ್ಳು ಹೇಳಿದೆ. ಅಲ್ಲಿಯ ಕಲ್ಲುಗಳು ಆಲೆಮನೆ ಮುಂದೆ ನಿಲ್ಲಿಸಿದ ಕಬ್ಬಿನ ಹಾಗೆ ಒತ್ತೊತ್ತಾಗಿ ನೆಟ್ಟಗೆ ನಿಂತಿವೆ. ನೀರು ಕಾಲ ಬೆರಳು ಕಾಣುವಷ್ಟು ತಿಳಿ. ತೆಂಗಿನ ಮರಗಳ ಆಚೆ ಬದಿಗೆ ಹೋಗಿ ನಿಂತರೆ ದಡ ಇಲ್ಲವೇ ಇಲ್ಲ ರೂಪಾ, ನೀನು ಹೇಳಿದ ಹಾಗೇ. ನಿನ್ನ ಅತ್ತೆ ಅಲ್ಲಿ ಹತ್ತು ನಿಮಿಷ ನಿಂತು ಬಿಸಿಲು ಜಾಸ್ತಿ ಅಂದರು. ಸ್ವಾಮಿ ಫೋಟೋ ಹೊಡೆಸಿಕೊಂಡ. ನಿನ್ನ ಜಾಗದಲ್ಲಿ ಅವರನ್ನೆಲ್ಲ ನೋಡಿ ನನಗೆ ಅಳು ಬಂತು. ಉಪ್ಪುನೀರು ಕಣ್ಣಿಗೆ ಹಾರಿತು ಎಂದೆ.

ನಾವು ವಾಪಸು ಬರುವಷ್ಟರಲ್ಲಿ ದೋಣಿ ಓಡಾಟ ಮುಗಿದಿತ್ತು. ನಿನಗೆ ಹೋಗಲು ದಾರಿಯೇ ಇರಲಿಲ್ಲ. ಎಲ್ಲರೂ ಮುದ್ದೆ ಉಂಡರು, ಸಾರು ಚೆನ್ನಾಗಿದೆ ಎಂದರು. ನೀನು ಸಂತೋಷಪಟ್ಟೆ. ಅದೇ ನನಗೆ ತಡೆಯಲಾಗದ್ದು.

ಈಗ ಕೇಳು. ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ ಬೆಳಿಗ್ಗೆ ಐದಕ್ಕೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ಆಧಾರ್ ಕಾರ್ಡು ಒಂದು ತಾ. ಬೇರೆ ಒಂದು ಲೋಟ ಕೂಡ ತರಬೇಡ. ಮನೆಯಲ್ಲಿ ಕೇಳಬೇಡ, ಹೇಳಿ ಬಾ. ನೀನು ಬರದಿದ್ದರೆ ನಾನು ಇನ್ನೆಂದೂ ನಿನ್ನನ್ನು ಎಲ್ಲಿಗೂ ಕರೆಯುವುದಿಲ್ಲ. ಇದು ಬೆದರಿಕೆ ಅಂದುಕೊಂಡರೆ ಬೆದರಿಕೆಯೇ.

ನಿನ್ನ ಮೇಲೆ ಸಿಟ್ಟಾಗಿರುವ,
ವನಜಾ

ತಾ.ಕ.: ಕಾಗದ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ದೋಣಿ ಮುಗಿದಿತ್ತು ಎಂದು ಮೇಲೆ ಬರೆದದ್ದು ಸುಳ್ಳು. ಇನ್ನೊಂದು ದೋಣಿ ಇತ್ತು. ಇಳಿಯುವಾಗಲೇ ದೋಣಿಯವನು ನನಗೆ ಹೇಳಿದ್ದ. ಎಲ್ಲರೂ ಉಣ್ಣುತ್ತಿದ್ದಾಗ ನೀನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದೆಯಲ್ಲ, "ಇನ್ನೊಂದ್ ದೋಣಿ ಐತೇನೇ?" ಎಂದು. ಐತೆ ಎಂದರೆ ಪಾತ್ರೆಗಳ ಪಕ್ಕ ನಾನು ಕೂರಬೇಕಾಗುತ್ತಿತ್ತು. ವರ್ಷವೆಲ್ಲ ಶಾಲೆಯಲ್ಲಿ ಪಾತ್ರೆ ಕಾಯುವವಳು ನಾನು, ಅಲ್ಲೂ ಕೂರಲು ಮನಸ್ಸಾಗಲಿಲ್ಲ. ಇಲ್ಲ ಎಂದುಬಿಟ್ಟೆ. ನೀನು ನಂಬಿ, ಕುಕ್ಕರು ತೊಳೆಯಲು ಹೋದೆ.